ಹಾಡು ಎಲ್ಲರದು, ಕಂಠ ಯಾರದು?

(ಆರಾಧನಾ ಮಹೋತ್ಸವದ ನಿಮಿತ್ತ ಶ್ರೀಮಠದ ಶಾಖೆಯಲ್ಲಿ ಏರ್ಪಟ್ಟ ಜ್ಞಾನಸತ್ರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ಜ್ಞಾನಸತ್ರದ ಹಿಂದಿನ ದಿನಗಳಲ್ಲಿ ತಾವು ಗಹನವಾದ ತತ್ತ್ವವಿಚಾರಗಳನ್ನು ಕೇಳಿದ್ದೀರಿ. ನನ್ನ ಪಾಲಿಗೆ ಬಂದಿರುವುದು ಅಷ್ಟು ಎತ್ತರದ ವಿಷಯವಲ್ಲ. ಹಣ ತೆರದೆ ಅಂತರಜಾಲದಿಂದ ಹಾಡುಗಳನ್ನು ಇಳಿಸಿಕೊಳ್ಳುವುದು ಧರ್ಮಸಮ್ಮತವೇ ಎಂಬ ಲೌಕಿಕ ಪ್ರಶ್ನೆ ಅದು. ಆಯುಷ್ಯದ ಬಹುಭಾಗವನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಳಿಯುತ್ತಲೇ ಕಳೆದವನೆಂಬ ಕಾರಣದಿಂದ ವ್ಯವಸ್ಥಾಪಕರು ಇದನ್ನು ನನಗೆ ವಹಿಸಿದ್ದಾರೆ. ಕಾಯ್ದೆ ಏನು ಹೇಳುತ್ತದೆಂಬುದನ್ನು ಹತ್ತು ನಿಮಿಷಗಳಲ್ಲಿ ಹೇಳಿ ಮುಗಿಸಬಹುದು. ಆದರೆ ಈ ವಿಷಯದಲ್ಲಿ ಕಾಯ್ದೆಗೆ ಹೆದರುವವರು ನಮ್ಮಲ್ಲಿ ಯಾರೂ ಇಲ್ಲವೆಂಬುದು ನನಗೆ ಗೊತ್ತು. ಆದ್ದರಿಂದ ಕಾಯ್ದೆಯನ್ನು ಸ್ವಲ್ಪ, ಶಾಸ್ತ್ರವನ್ನು ಸ್ವಲ್ಪ, ಎರಡನ್ನೂ ಜೊತೆಯಲ್ಲಿಟ್ಟು ವಿಚಾರ ಮಾಡೋಣ.

ನಮ್ಮ ಊರಿಗೆ ಈ ವಿಷಯ ಹೊಸದಲ್ಲ. 2000ದ ದಶಕದಲ್ಲಿ ಕೋಠಿಯ ರಸ್ತೆಬದಿಯಲ್ಲಿ, ಸಿಕಂದರಾಬಾದಿನ ಪಾರ್ಕ್ ಲೇನಿನ ಕಂಪ್ಯೂಟರ್ ಮಳಿಗೆಗಳ ಆಸುಪಾಸಿನಲ್ಲಿ ಎಂಪಿ3 ಸಿ.ಡಿ.ಗಳನ್ನು ಹರಡಿಕೊಂಡು ಮಾರುತ್ತಿದ್ದುದನ್ನು ತಮ್ಮಲ್ಲಿ ಹಲವರು ಕಂಡಿರಬಹುದು. ಒಂದೇ ಸಿ.ಡಿ.ಯಲ್ಲಿ ನೂರಕ್ಕೂ ಹೆಚ್ಚು ಹಾಡುಗಳು. ಚಲನಚಿತ್ರಗೀತೆಗಳ ಪಕ್ಕದಲ್ಲಿ ಅನ್ನಮಾಚಾರ್ಯರ ಸಂಕೀರ್ತನೆ, ಅದರ ಪಕ್ಕದಲ್ಲಿ ದಾಸರ ಪದ. ಇಂದು ಆ ಸಿ.ಡಿ.ಗಳ ಕಾಲ ಮುಗಿದಿದೆ, ಕೈಯಲ್ಲಿರುವ ಫೋನೇ ಅಂಗಡಿಯಾಗಿದೆ. 2025ರ ನವೆಂಬರಿನಲ್ಲಿ ಹೈದರಾಬಾದಿನ ಸೈಬರ್ ಕ್ರೈಂ ಪೊಲೀಸರು ‘ಐಬೊಮ್ಮ’ ಎಂಬ ಜಾಲತಾಣವನ್ನು ನಡೆಸುತ್ತಿದ್ದನೆಂಬ ಆರೋಪದ ಮೇಲೆ ಒಬ್ಬನನ್ನು ಬಂಧಿಸಿದುದು ತಮಗೆ ನೆನಪಿರಬಹುದು. ಅದು ಹಾಡಿನ ವಿಷಯವಲ್ಲ, ತೆಲುಗು ಚಲನಚಿತ್ರಗಳನ್ನು ಅನುಮತಿಯಿಲ್ಲದೆ ಹಂಚಿದ ಆರೋಪದ ವಿಷಯ. ಅಪರಾಧ ನಡೆದಿದೆಯೇ ಇಲ್ಲವೇ ಎಂಬುದನ್ನು ನ್ಯಾಯಾಲಯ ತೀರ್ಮಾನಿಸುವುದು ಸರಿ, ಅದರ ಗೊಡವೆ ನಮಗೆ ಬೇಡ. ನನ್ನ ಮನಸ್ಸನ್ನು ಸೆಳೆದದ್ದು ಜನರ ಪ್ರತಿಕ್ರಿಯೆ. ಬಂಧಿತನ ಪರವಾಗಿ ಮರುಕ ತೋರಿದವರು ಕಡಿಮೆಯಿರಲಿಲ್ಲ. ಚಿತ್ರಮಂದಿರದ ಟಿಕೆಟ್ಟಿಗೆ ಇಷ್ಟು ಬೆಲೆಯಿಟ್ಟರೆ ಬಡವನು ಏನು ಮಾಡಬೇಕು ಎಂದು ಕೇಳಿದರು. ಬೆಲೆ ದುಬಾರಿಯಾಯಿತೆಂಬ ದೂರು ನ್ಯಾಯವಾದದ್ದೇ ಇರಬಹುದು. ಆದರೆ ದುಬಾರಿಯೆಂಬುದು ಒಂದು ವಸ್ತುವನ್ನು ಕೊಳ್ಳದಿರಲು ಕಾರಣವಾದೀತೇ ಹೊರತು, ಕೊಳ್ಳದೆಯೇ ತೆಗೆದುಕೊಂಡು ಹೋಗಲು ಕಾರಣವಾಗಲಾರದು. ಚಲನಚಿತ್ರವನ್ನು ನೋಡದಿದ್ದರೆ ಯಾರ ಪ್ರಾಣವೂ ಹೋಗುವುದಿಲ್ಲ.

ಚಲನಚಿತ್ರದ ಮಾತು ಇಷ್ಟಕ್ಕೆ ಸಾಕು. ನಮ್ಮ ಮನೆಯ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಭಕ್ತಾದಿಗಳಿಗೆ ಫಲಮಂತ್ರಾಕ್ಷತೆಯ ಜೊತೆಗೆ ಐದುನೂರು ದಾಸರ ಪದಗಳಿರುವ ಪೆನ್‌ಡ್ರೈವ್ ಒಂದನ್ನು ಕೊಡಬೇಕೆಂಬ ಸಲಹೆಯನ್ನು ನಮ್ಮ ತರುಣರು ಮುಂದಿಟ್ಟಿದ್ದಾರೆ. ಹಾಡುಗಳನ್ನೆಲ್ಲ ಅವರೇ ಅಂತರಜಾಲದಿಂದ ಸಂಗ್ರಹಿಸಿದ್ದಾರೆ. ಅವರ ಉತ್ಸಾಹವನ್ನೂ ಶ್ರಮವನ್ನೂ ನಾನು ಮೆಚ್ಚುತ್ತೇನೆ. ಹಿರಿಯರೊಬ್ಬರು ಅಪ್ಪಣೆ ಪಡೆದಿದ್ದೀರಾ ಎಂದು ವಿಚಾರಿಸಿದಾಗ ಆ ತರುಣರು ಕೊಟ್ಟ ಉತ್ತರವೂ ತಳ್ಳಿಹಾಕುವಂಥದ್ದಲ್ಲ. “ಪುರಂದರದಾಸರ ಪದಕ್ಕೆ ಯಾರ ಅಪ್ಪಣೆ? ದಾಸರು ಹಣಕ್ಕಾಗಿ ಹಾಡಿದರೇ? ನವಕೋಟಿ ನಾರಾಯಣನೆನಿಸಿಕೊಂಡವರು ಇದ್ದುದನ್ನೆಲ್ಲ ದಾನ ಮಾಡಿ ತಂಬೂರಿ ಹಿಡಿದು ಹೊರಟರು. ಅವರ ಹಾಡಿಗೆ ಬೆಲೆ ಕಟ್ಟುವುದೇ ತಪ್ಪಲ್ಲವೇ?” ಇದು ಅವರ ಮೊದಲ ವಾದ. “ಒಂದು ದೀಪದಿಂದ ಇನ್ನೊಂದು ದೀಪವನ್ನು ಹಚ್ಚಿದರೆ ಮೊದಲನೆಯ ದೀಪಕ್ಕೇನು ನಷ್ಟ? ಹಾಡನ್ನು ಪ್ರತಿಮಾಡಿಕೊಂಡರೆ ಹಾಡು ಕಡಿಮೆಯಾಗುವುದಿಲ್ಲವಲ್ಲ?” ಇದು ಎರಡನೆಯದು.

ಮೊದಲನೆಯ ವಾದದಲ್ಲಿ ಅರ್ಧ ಸತ್ಯವಿದೆ, ಅದನ್ನು ಮೊದಲು ಒಪ್ಪಿಕೊಳ್ಳೋಣ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಈಗ ಕವಿಯ ಜೀವಿತಾವಧಿ ಮತ್ತು ಅವನು ತೀರಿಕೊಂಡ ನಂತರದ 60 ವರ್ಷಗಳವರೆಗೆ ಅವನ ಕೃತಿಗೆ ರಕ್ಷಣೆಯಿದೆ. ಪುರಂದರದಾಸರು ವೈಕುಂಠವಾಸಿಗಳಾದದ್ದು 1564ರಲ್ಲಿ. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಹದಿನೆಂಟನೆಯ ಶತಮಾನದವರು. ಜಗನ್ನಾಥದಾಸರು ಹತ್ತೊಂಬತ್ತರ ಆದಿಯವರೆಗೂ ಇದ್ದರು. ಇವರ ಸಾಹಿತ್ಯಕ್ಕೆ ಕಾಯ್ದೆಯ ಯಾವ ಬೇಲಿಯೂ ಇಲ್ಲ, ಇರಲೂಬಾರದು. ನೀವು ಹಾಡಿ, ಬರೆದುಕೊಳ್ಳಿ, ಅಚ್ಚು ಹಾಕಿಸಿ, ಹಂಚಿ, ಯಾರೂ ಕೇಳುವಂತಿಲ್ಲ. ಆದರೂ ಒಂದು ಮಾತು. ಈ ಪದಗಳು ತಾವಾಗಿ ನಮ್ಮ ಕೈಗೆ ಬಂದವಲ್ಲ. ಉಡುಪಿಯಲ್ಲಿ ಪಾವಂಜೆ ಗುರುರಾಯರು ಅಚ್ಚು ಹಾಕಿಸಿದರು. ಲಿಂಗಸುಗೂರಿನಲ್ಲಿ ಗೊರೇಬಾಳ ಹನುಮಂತರಾಯರು ಊರೂರು ತಿರುಗಿ ಹಸ್ತಪ್ರತಿಗಳನ್ನೂ ಬಾಯಿಪಾಠವನ್ನೂ ಕೂಡಿಹಾಕಿ ಪ್ರಕಟಿಸಿದರು. ರಾಯಚೂರು ಜಿಲ್ಲೆಯು 1956ರವರೆಗೆ ನಮ್ಮ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಪ್ರದೇಶ. ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಬ್ಯಾಗವಟ್ಟಿ ಅಲ್ಲಿಯವು. ಆ ದೃಷ್ಟಿಯಿಂದ ದಾಸಸಾಹಿತ್ಯದ ಒಂದು ತವರುಮನೆ ನಮ್ಮ ಹಿತ್ತಲಲ್ಲೇ ಇದೆಯೆನ್ನಬೇಕು.

ಹಾಗಾದರೆ ಪೆನ್‌ಡ್ರೈವಿನಲ್ಲಿರುವುದು ಏನು? ಅದರಲ್ಲಿ ಇರುವುದು ಕೇವಲ ಪದವಲ್ಲ. ಬಹುಮಟ್ಟಿಗೆ ದಾಸರ ಪದಗಳ ಮೂಲ ಮಟ್ಟುಗಳು ನಮಗೆ ಉಳಿದು ಬಂದಿಲ್ಲ. ಇಂದು ನಾವು ಕೇಳುವ ರಾಗಸಂಯೋಜನೆಗಳಲ್ಲಿ ಬಹುಪಾಲು ಇತ್ತೀಚಿನ ಶತಮಾನದ ಸಂಗೀತಗಾರರದು. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಂಬ ಪದವನ್ನು ಶುಕ್ರವಾರ ನಮ್ಮ ಮನೆಗಳಲ್ಲಿ ತಾಯಂದಿರು ಹಾಡುವ ಬಗೆ ಒಂದು, ಪಂಡಿತ ಭೀಮಸೇನ ಜೋಶಿಯವರು ಹಾಡಿದ ಬಗೆ ಮತ್ತೊಂದು. ಪದ ಒಂದೇ, ಆದರೆ ಗದುಗಿನ ಆ ಮಹಾನುಭಾವರ ಹಾಡಿಕೆ ದಶಕಗಳ ಸಾಧನೆಯಿಂದ ಬಂದದ್ದು. ಆ ಕಂಠಕ್ಕೆ ಶ್ರುತಿ ಹಿಡಿದವರು, ತಬಲಾ ಮೃದಂಗ ನುಡಿಸಿದವರು, ಧ್ವನಿಮುದ್ರಣ ಕೊಠಡಿಯಲ್ಲಿ ಕುಳಿತ ತಂತ್ರಜ್ಞರು, ಬಂಡವಾಳ ಹಾಕಿದ ಸಂಸ್ಥೆ, ಇವರೆಲ್ಲರ ದುಡಿಮೆ ಸೇರಿ ಒಂದು ಧ್ವನಿಮುದ್ರಿಕೆಯಾಗುತ್ತದೆ. ಸಂಗೀತಾ, ಲಹರಿ ಮೊದಲಾದ ಸಂಸ್ಥೆಗಳು ಕ್ಯಾಸೆಟ್ಟಿನ ಕಾಲದಲ್ಲಿ ಕನ್ನಡದ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿದ್ದು ಹೀಗೆ. ವಿದ್ಯಾಭೂಷಣರ, ಪುತ್ತೂರು ನರಸಿಂಹ ನಾಯಕರ ಕಂಠ ಹೈದರಾಬಾದಿನ ಕನ್ನಡ ಮನೆಗಳಿಗೆ ಬಂದದ್ದೂ ಕ್ಯಾಸೆಟ್ಟುಗಳ ಮೂಲಕವೇ.

ಆಶ್ಚರ್ಯವೆಂದರೆ ಗಾಯಕನ ಕಂಠಕ್ಕೆ ಹಕ್ಕುಂಟೆಂಬುದನ್ನು ನಮ್ಮ ಕಾಯ್ದೆಯೂ ಬಹಳ ತಡವಾಗಿ ಒಪ್ಪಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಗ್ರಾಮಫೋನಿಗೆ ಮುದ್ರಿಸಿದಂದಿನಿಂದ 90 ವರ್ಷಗಳ ಮೇಲೆ, 1994ರ ತಿದ್ದುಪಡಿಯಿಂದ ಮಾತ್ರ, ಗಾಯಕರಿಗೂ ವಾದಕರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ದೊರೆಯಿತು. ಈಗ ಅದರ ಅವಧಿ 50 ವರ್ಷ. ಧ್ವನಿಮುದ್ರಣದ ಮೇಲಿನ ಹಕ್ಕಿನ ಅವಧಿ 60 ವರ್ಷ. ಉಲ್ಲಂಘಿಸಿದವರಿಗೆ 63ನೆಯ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡ ಹೇಳಿದೆ. ವ್ಯಾಪಾರದ ಲಾಭಕ್ಕಾಗಿ ಮಾಡಿರದಿದ್ದರೆ ಕಾರಣ ಬರೆದು ಶಿಕ್ಷೆಯನ್ನು ಕಡಿಮೆ ಮಾಡಬಹುದು. ಕಾಯ್ದೆಯ ಮಾತು ಇಷ್ಟೇ. ಇನ್ನು ಶಾಸ್ತ್ರಕ್ಕೆ ಬರೋಣ.

ಮಹಾಭಾರತದ ಶಾಂತಿಪರ್ವದಲ್ಲಿ ಶಂಖ ಲಿಖಿತರ ಕಥೆಯಿದೆ. ಇಬ್ಬರೂ ಅಣ್ಣತಮ್ಮಂದಿರು, ಇಬ್ಬರೂ ತಪಸ್ವಿಗಳು. ಬಾಹುದಾ ನದಿಯ ತೀರದಲ್ಲಿ ಅವರ ಆಶ್ರಮಗಳು ಬೇರೆಬೇರೆಯಾಗಿದ್ದವು. ಒಂದು ದಿನ ತಮ್ಮನಾದ ಲಿಖಿತನು ಅಣ್ಣನ ಆಶ್ರಮಕ್ಕೆ ಬಂದ. ಶಂಖನು ಹೊರಗೆ ಹೋಗಿದ್ದ. ಮರದಲ್ಲಿ ಹಣ್ಣುಗಳು ಪಕ್ವವಾಗಿದ್ದವು. ಲಿಖಿತನು ಕಿತ್ತು ತಿನ್ನುತ್ತ ಕುಳಿತ. ಅಷ್ಟರಲ್ಲಿ ಅಣ್ಣ ಬಂದು, ಈ ಹಣ್ಣು ಎಲ್ಲಿಯದೆಂದು ಕೇಳಿದ. ತಮ್ಮನು ನಗುತ್ತ, ಇಲ್ಲಿಯದೇ ಎಂದ. ಆ ನಗುವನ್ನು ಗಮನಿಸಬೇಕು. ಅಣ್ಣನ ಮರ, ಅದರಲ್ಲಿ ನಾಲ್ಕು ಹಣ್ಣು, ಅದಕ್ಕೇನು ಕೇಳುವುದು ಎಂಬ ಭಾವ ಅದರಲ್ಲಿದೆ. ಶಂಖನು ಅದನ್ನು ಕಳವೆಂದೇ ಕರೆದ. ರಾಜನ ಬಳಿಗೆ ಹೋಗಿ ತಪ್ಪೊಪ್ಪಿಕೊಂಡು ಶಿಕ್ಷೆ ಬೇಡಿಕೊಳ್ಳೆಂದು ಕಳುಹಿಸಿದ. ಸುದ್ಯುಮ್ನರಾಜನು ಕ್ಷಮಿಸಲು ಸಿದ್ಧನಿದ್ದರೂ ಲಿಖಿತನು ಹಟಹಿಡಿದು ದಂಡನೆ ಪಡೆದ, ಎರಡು ಕೈಗಳನ್ನೂ ಕಳೆದುಕೊಂಡು ಬಂದ. ಅಣ್ಣನ ಮಾತಿನಂತೆ ನದಿಯಲ್ಲಿಳಿದು ತರ್ಪಣಕ್ಕೆ ತೊಡಗಿದಾಗ ಕೈಗಳು ಮರಳಿ ಮೂಡಿದವು. ನಿನ್ನ ತಪಸ್ಸಿಗೆ ಇಷ್ಟು ಶಕ್ತಿಯಿದ್ದರೆ ಮೊದಲೇ ಏಕೆ ನನ್ನನ್ನು ಶುದ್ಧಿಗೊಳಿಸಲಿಲ್ಲ ಎಂದು ತಮ್ಮ ಕೇಳಿದ. ದಂಡಿಸುವ ಅಧಿಕಾರ ನನ್ನದಲ್ಲ, ರಾಜನದು ಎಂದು ಅಣ್ಣ ಉತ್ತರಿಸಿದ.

ಅಣ್ಣ ಬೇರೆ ಯಾರೋ ಅಲ್ಲ, ಕೇಳಿದ್ದರೆ ಬುಟ್ಟಿಗಟ್ಟಲೆ ಕೊಡುತ್ತಿದ್ದ. ಲಿಖಿತನಿಗೆ ದೋಷ ಬಂದದ್ದು ಹಣ್ಣಿನ ಬೆಲೆಯಿಂದಲ್ಲ, ಕೇಳದೆ ಇದ್ದುದರಿಂದ. ದಾಸರ ವಿಷಯದಲ್ಲಿ ನಮ್ಮ ತರುಣರು ಮರೆತದ್ದೂ ಇದನ್ನೇ. ದಾಸರು ಹಣಕ್ಕಾಗಿ ಹಾಡಲಿಲ್ಲವೆಂಬುದು ನಿಜ. ಆದರೆ ಅವರು ಬದುಕಿದ್ದು ಮಧುಕರವೃತ್ತಿಯಿಂದ. ಮನೆಯ ಮುಂದೆ ನಿಂತು, ಹಾಡಿ, ಕೊಟ್ಟದ್ದನ್ನು ಜೋಳಿಗೆಯಲ್ಲಿ ಪಡೆದು ಮುಂದೆ ಹೋದರು. ಯಾರ ಅಂಗಳದಲ್ಲಿ ಒಣಹಾಕಿದ ಧಾನ್ಯಕ್ಕೂ ತಾವಾಗಿ ಕೈಹಾಕಲಿಲ್ಲ. ಅಪರಿಗ್ರಹ ವ್ರತವನ್ನು ಅವರು ತಮಗೆ ವಿಧಿಸಿಕೊಂಡಿದ್ದರು. ಅವರ ವೈರಾಗ್ಯವನ್ನು ನಾವು ಇಂದಿನ ಗಾಯಕನ ಮೇಲೆ ಹೇರಿ, ನೀನೂ ಉಪವಾಸವಿರು ಎನ್ನುವುದು ಯಾವ ನ್ಯಾಯ? ಅವನಿಗೂ ಮನೆ ಬಾಡಿಗೆಯಿದೆ, ಮಕ್ಕಳ ಶಾಲೆಯ ಶುಲ್ಕವಿದೆ.

ಇನ್ನು ದೀಪದ ದೃಷ್ಟಾಂತ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ, ಏಕೆಂದರೆ ಅದು ಸರಿಯಾಗಿಯೇ ಇದೆ. ಲಿಖಿತನು ತಿಂದ ಹಣ್ಣು ಶಂಖನಿಗೆ ಮತ್ತೆ ಸಿಗದು, ಇಳಿಸಿಕೊಂಡ ಹಾಡು ಮಾತ್ರ ಮೂಲದಲ್ಲಿ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಇದನ್ನು ಕಳವೆಂದು ಕರೆಯುವಾಗ ಮಾತು ಸ್ವಲ್ಪ ಹಿಗ್ಗುತ್ತದೆ. ಕೃತಿಸ್ವಾಮ್ಯ ಕಾಯ್ದೆಯೂ ಇದನ್ನು ಕಳವೆನ್ನದೆ ಹಕ್ಕಿನ ಉಲ್ಲಂಘನೆಯೆಂದೇ ಕರೆಯುತ್ತದೆ. ಆದರೆ ನಮ್ಮ ಧರ್ಮಶಾಸ್ತ್ರಕಾರರು ಇಂಥ ವಿಷಯಗಳಿಗೆ ಕಳವೆಂಬ ಒಂದೇ ಹೆಸರನ್ನು ಇಟ್ಟು ಸುಮ್ಮನಾಗಲಿಲ್ಲ. ಮನುಸ್ಮೃತಿಯಲ್ಲಿ ಹದಿನೆಂಟು ವ್ಯವಹಾರಪದಗಳನ್ನು, ಅಂದರೆ ವ್ಯಾಜ್ಯಕ್ಕೆ ಕಾರಣವಾಗುವ ವಿಷಯಗಳನ್ನು, ಎಣಿಸಿದೆ. ಅವುಗಳಲ್ಲಿ ಸ್ತೇಯ ಒಂದು. ಅದರಿಂದ ಪ್ರತ್ಯೇಕವಾಗಿ ವೇತನಾದಾನ ಎಂಬುದು ಇನ್ನೊಂದು, ಎಂದರೆ ದುಡಿಸಿಕೊಂಡು ಕೂಲಿ ಕೊಡದಿರುವುದು. ಅಸ್ವಾಮಿವಿಕ್ರಯ ಎಂಬುದು ಮತ್ತೊಂದು, ಎಂದರೆ ಒಡೆಯನಲ್ಲದವನು ವಸ್ತುವನ್ನು ಮಾರುವುದು.

ನನ್ನ ಅಭಿಪ್ರಾಯದಲ್ಲಿ ಹಾಡನ್ನು ಹಣ ಕೊಡದೆ ಇಳಿಸಿಕೊಳ್ಳುವವನ ದೋಷ ವೇತನಾದಾನದ ಜಾತಿಗೆ ಸೇರಿದ್ದು. ಬಡಗಿಯಿಂದ ತೊಟ್ಟಿಲು ಮಾಡಿಸಿಕೊಂಡು, ಮರ ಕಾಡಿನದಲ್ಲವೇ, ಕಾಡು ಎಲ್ಲರದಲ್ಲವೇ ಎಂದರೆ ಹೇಗೆ? ಮರ ಎಲ್ಲರದಿರಬಹುದು, ಉಳಿ ಹಿಡಿದ ಕೈ ಅವನದು. ಪದ ಎಲ್ಲರದು, ಹಾಡಿದ ಕಂಠ ಒಬ್ಬನದು. ಆ ಕಂಠದ ದುಡಿಮೆಯ ಫಲವನ್ನು ಉಂಡು ಕೂಲಿಯನ್ನು ಉಳಿಸಿಕೊಳ್ಳುವುದೇ ಇಲ್ಲಿನ ಪ್ರಮಾದ. ದೀಪದ ಮಾತನ್ನು ಹೇಳುವವರು ಎಣ್ಣೆಯ ಲೆಕ್ಕವನ್ನು ಬಿಡುತ್ತಾರೆ.

ಕೋಠಿಯ ರಸ್ತೆಬದಿಯ ಮಾರಾಟಗಾರನದಾದರೋ ಸ್ಪಷ್ಟವಾದ ಅಸ್ವಾಮಿವಿಕ್ರಯ. ಇಲ್ಲಿ ಕೊಂಡವನೂ ಪಾರಾಗುವುದಿಲ್ಲ. ಗುಟ್ಟಾಗಿ, ಅತಿ ಕಡಿಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನನ್ನು ಯಾಜ್ಞವಲ್ಕ್ಯರು ಕಳ್ಳನ ಸಾಲಿಗೇ ಸೇರಿಸಿದ್ದಾರೆ. ಈ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು, ಕಲ್ಯಾಣದವನು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವದು, ಅದೂ ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಊರೇ. ನೂರು ಹಾಡು ಇಷ್ಟು ಅಗ್ಗಕ್ಕೆ ಹೇಗೆ ಬಂತೆಂದು ಕೇಳಿಕೊಳ್ಳಬೇಕೆಂಬ ಎಚ್ಚರವನ್ನು ಇಷ್ಟು ಹತ್ತಿರದ ಊರಿನಲ್ಲಿ ಒಂಬತ್ತು ಶತಮಾನಗಳ ಹಿಂದೆಯೇ ವಿವರಿಸಿ ಬರೆದಿಟ್ಟಿದ್ದರು.

ಇದಕ್ಕೆ ಒಂದು ಮರುಪ್ರಶ್ನೆ ಬರುತ್ತದೆ. ನಾವು ಹಣ ಕೊಟ್ಟರೂ ಅದು ಗಾಯಕನಿಗೆ ಎಲ್ಲಿ ಹೋಗುತ್ತದೆ, ಸಂಸ್ಥೆಯವರೇ ನುಂಗುತ್ತಾರಲ್ಲ, ಎಂಬುದು. ಈ ಆಕ್ಷೇಪಣೆಗೆ ಆಧಾರವಿಲ್ಲದಿಲ್ಲ. ಒಮ್ಮೆ ಒಂದು ಮೊತ್ತವನ್ನು ಕೊಟ್ಟು ಎಲ್ಲ ಹಕ್ಕನ್ನೂ ಬರೆಸಿಕೊಳ್ಳುವ ಪದ್ಧತಿ ನಮ್ಮ ದೇಶದಲ್ಲಿ ಬಹುಕಾಲ ನಡೆಯಿತು. ಕವಿ ಜಾವೇದ್ ಅಖ್ತರರು ರಾಜ್ಯಸಭೆಯ ಸದಸ್ಯರಾಗಿದ್ದಾಗ ಇದರ ವಿರುದ್ಧ ಗಟ್ಟಿಯಾಗಿ ವಾದಿಸಿದರು. 2012ರ ತಿದ್ದುಪಡಿಯಲ್ಲಿ ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ಬಿಟ್ಟುಕೊಡಲಾಗದ ಗೌರವಧನದ ಪಾಲು ಸಿಕ್ಕಿತು, ಗಾಯಕರಿಗೂ ವಾಣಿಜ್ಯ ಬಳಕೆಯಲ್ಲಿ ಗೌರವಧನದ ಅರ್ಹತೆ ಬಂತು. ಕಾಗದದ ಮೇಲಿನ ಈ ಹಕ್ಕು ಭಕ್ತಿಗೀತೆಯ ಸಾಮಾನ್ಯ ಗಾಯಕನಿಗೆ ಪೂರ್ತಿ ಮುಟ್ಟಿದೆಯೆಂದು ನಾನು ಹೇಳಲಾರೆ. ಆದರೆ ಯಜಮಾನನು ಕೂಲಿಯವನಿಗೆ ಮೋಸ ಮಾಡುತ್ತಾನೆಂದು ತಿಳಿದು ನಾವೂ ಯಜಮಾನನಿಗೆ ಹಣ ಕೊಡದೆ ಹೋದರೆ ಕೂಲಿಯವನ ಪಾಲೇನೂ ಹೆಚ್ಚುವುದಿಲ್ಲ, ಮುಂದಿನ ಕೆಲಸವೂ ತಪ್ಪುತ್ತದೆ.

ಗೌರವಧನವೆಂಬುದು ಎಲ್ಲಿಗೆ ಹೋಗಬಲ್ಲದೆಂಬುದಕ್ಕೆ ಶ್ರೀಮತಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ನಿದರ್ಶನವಿದೆ. 1963ರಲ್ಲಿ ಹೊರಬಂದ ಅವರ ವೆಂಕಟೇಶ ಸುಪ್ರಭಾತದ ಧ್ವನಿಮುದ್ರಿಕೆಯ ಗೌರವಧನವನ್ನು ಅವರು ತಿರುಮಲ ತಿರುಪತಿ ದೇವಸ್ಥಾನದ ವೇದಪಾಠಶಾಲೆಗೆ ಮೀಸಲಿಟ್ಟರು. ಆ ಧ್ವನಿಮುದ್ರಿಕೆಯ ನಕಲಿ ಪ್ರತಿಯನ್ನು ಕೊಂಡವನು ಯಾರೋ ಶ್ರೀಮಂತ ಸಂಸ್ಥೆಯಿಂದ ಎರಡು ಕಾಸು ಉಳಿಸಿಕೊಂಡೆನೆಂದುಕೊಂಡಿರಬಹುದು. ತಪ್ಪಿದ್ದು ವೇದ ಕಲಿಯುವ ಬಾಲಕನ ಪಾಲು. ದಾನ ಮಾಡಬೇಕಾದರೆ ಮೊದಲು ಕೈಗೆ ಬರಬೇಕಷ್ಟೆ. ಅಂದಹಾಗೆ 60 ವರ್ಷಗಳ ಗಣನೆಯಂತೆ ಆ ಧ್ವನಿಮುದ್ರಣದ ಮೇಲಿನ ಹಕ್ಕಿನ ಅವಧಿ 2023ರ ಕೊನೆಗೆ ಮುಗಿದಿದೆ. ಇನ್ನು ಅದು ಸಾರ್ವಜನಿಕರ ಸೊತ್ತು.

ಹಾಗಾದರೆ ಪ್ರತಿಮಾಡುವುದೆಲ್ಲ ತಪ್ಪೇ ಎಂದು ಯಾರೂ ಭಾವಿಸಬಾರದು. ಪ್ರತಿಮಾಡುವುದನ್ನು ಪುಣ್ಯವೆಂದು ಎಣಿಸಿದ ಪರಂಪರೆ ನಮ್ಮದು. ತಾಳೆಗರಿಯ ಗ್ರಂಥಗಳನ್ನು ಬೆನ್ನು ಬಗ್ಗಿಸಿ, ಕಣ್ಣು ಕಿರಿದುಮಾಡಿ ಮತ್ತೆ ಮತ್ತೆ ಬರೆದಿಡದಿದ್ದರೆ ಸರ್ವಮೂಲವೂ ಟೀಕಾಗ್ರಂಥಗಳೂ ನಮ್ಮವರೆಗೆ ಬರುತ್ತಿರಲಿಲ್ಲ. ಅದೇ ಬಗೆಯಲ್ಲಿ ಇಂದು ಎಲ್ಲಿಯೂ ಮಾರಾಟಕ್ಕಿಲ್ಲದ ಹಳೆಯ ಗ್ರಾಮಫೋನ್ ತಟ್ಟೆಗಳನ್ನು, ಬೂಸ್ಟು ಹಿಡಿಯುತ್ತಿರುವ ಕ್ಯಾಸೆಟ್ಟುಗಳನ್ನು ಗಣಕಯಂತ್ರಕ್ಕೆ ಏರಿಸಿ ಉಳಿಸುತ್ತಿರುವ ಸಂಗ್ರಾಹಕರಿದ್ದಾರೆ. ಅವರನ್ನು ಕೋಠಿಯ ಮಾರಾಟಗಾರನ ಜೊತೆಯಲ್ಲಿ ನಿಲ್ಲಿಸಲು ನನ್ನ ಮನಸ್ಸು ಒಪ್ಪುವುದಿಲ್ಲ, ಕಾಯ್ದೆಯ ಅಕ್ಷರ ಏನೇ ಇರಲಿ. ಹೊಲದ ಒಡೆಯನು ಬೆಳೆಯನ್ನು ಕೊಯ್ದು ಒಯ್ದ ಮೇಲೆ ಬಿದ್ದ ಕಾಳನ್ನು ಆಯ್ದು ಬದುಕುವ ಉಂಛವೃತ್ತಿಯನ್ನು ಮಹಾಭಾರತವು ಹೊಗಳಿದೆ. ಒಡೆಯನು ಬಿಟ್ಟುಹೋದದ್ದನ್ನು ಆಯುವುದಕ್ಕೂ ನಿಂತ ಪೈರಿಗೆ ಕುಡುಗೋಲು ಹಾಕುವುದಕ್ಕೂ ಇರುವ ಅಂತರ ಯಾರಿಗಾದರೂ ಗೊತ್ತಾಗುವಂಥದ್ದು. ಈಶಾವಾಸ್ಯದ ಮೊದಲ ಮಂತ್ರಕ್ಕೆ ಶ್ರೀಮದಾಚಾರ್ಯರು ಹೇಳಿದ ಅರ್ಥವೂ ಇಲ್ಲಿ ಸ್ಮರಣೀಯ. ಭಗವಂತನು ಕೊಟ್ಟದ್ದರಿಂದ ಭೋಗಿಸು ಎಂಬುದು ಅದರ ತಾತ್ಪರ್ಯ.

ಕೊಟ್ಟದ್ದು ಬೇಕಾದಷ್ಟಿದೆ. ತಿರುಮಲ ತಿರುಪತಿ ದೇವಸ್ಥಾನದವರು ತಮ್ಮ ಜಾಲತಾಣದಲ್ಲಿ ಭಕ್ತಿಸಂಗೀತವನ್ನು ಉಚಿತವಾಗಿಯೇ ಇಟ್ಟಿದ್ದಾರೆ. ಹಕ್ಕುದಾರರೇ ಯೂಟ್ಯೂಬಿನಲ್ಲಿ ಹಾಕಿದ ಹಾಡನ್ನು ಅಲ್ಲಿಯೇ ಕೇಳಿದರೆ ಜಾಹೀರಾತಿನ ಆದಾಯದಲ್ಲಿ ಅವರಿಗೂ ಪಾಲಿದೆ. ತಾವು ಕೊಂಡ ಸಿ.ಡಿ.ಯ ಹಾಡನ್ನು ತಮ್ಮದೇ ಫೋನಿಗೆ ಹಾಕಿಕೊಂಡರೆ ಅದು ಸ್ವಂತ ಬಳಕೆ, ಯಾರೂ ತಪ್ಪೆನ್ನಲಾರರು. ಶ್ರೀಮಠದಲ್ಲಿ ಪೂಜೆಯ ಹೊತ್ತಿಗೆ ಧ್ವನಿಮುದ್ರಿಕೆಯನ್ನು ಹಾಕುವುದಕ್ಕೂ ಅಡ್ಡಿಯಿಲ್ಲ, ನಿಜವಾದ ಧಾರ್ಮಿಕ ವಿಧಿಯ ಅಂಗವಾಗಿ ಹಾಡು ಕೇಳಿಸುವುದನ್ನು 52ನೆಯ ಕಲಮು ಹೊರತುಪಡಿಸಿದೆ. ಆ ವಿನಾಯಿತಿಯು ಐದುನೂರು ಹಾಡುಗಳನ್ನು ಪ್ರತಿಮಾಡಿ ಹಂಚುವವರೆಗೆ ಚಾಚುವುದಿಲ್ಲ.

ಆ ಪೆನ್‌ಡ್ರೈವನ್ನು ನಾನೂ ತೆರೆದು ನೋಡಿದೆ. ನನಗೆ ಹಣದ ವಿಷಯಕ್ಕಿಂತ ಹೆಚ್ಚು ನೋವಾದದ್ದು ಬೇರೊಂದರಿಂದ. ಅರ್ಧಕ್ಕೂ ಹೆಚ್ಚು ಹಾಡುಗಳಿಗೆ ಗಾಯಕರ ಹೆಸರೇ ಇರಲಿಲ್ಲ. ‘ಟ್ರ್ಯಾಕ್ 7’, ‘ಟ್ರ್ಯಾಕ್ 8’ ಎಂದಿತ್ತು. ಕೆಲವಕ್ಕೆ ಹಾಡನ್ನು ಎಲ್ಲಿಂದಲೋ ತಂದು ಏರಿಸಿದ ಜಾಲತಾಣದ ಹೆಸರಿತ್ತು. ಅಂಕಿತವೆಂಬುದು ದಾಸಸಾಹಿತ್ಯದ ಪ್ರಾಣ. ಗುರುಗಳಿಂದ ಅಂಕಿತ ಪಡೆಯದೆ ಪದ ಕಟ್ಟಬಾರದೆಂಬ ಕಟ್ಟುಪಾಡು ನಮ್ಮದು. ವಿಜಯವಿಠಲ, ಜಗನ್ನಾಥವಿಠಲ ಎಂಬ ಮುದ್ರಿಕೆಯಿಂದಲೇ ಯಾರ ಪದವೆಂದು ಗುರುತಿಸುತ್ತೇವೆ. ಒಬ್ಬರ ಅಂಕಿತದಲ್ಲಿ ಇನ್ನೊಬ್ಬರು ರಚಿಸಿ ಸೇರಿಸಿದ ಪ್ರಕ್ಷಿಪ್ತ ಪದಗಳನ್ನು ಬೇರ್ಪಡಿಸಲು ವಿದ್ವಾಂಸರು ಆಯುಷ್ಯ ಸವೆಸಿದ್ದಾರೆ. ಅಂಥ ಪದಗಳನ್ನು ಹಾಡಿದ ಗಾಯಕನ ಅಂಕಿತವನ್ನು ನಾವು ಒರೆಸಿಹಾಕಿ ಪ್ರಸಾದವೆಂದು ಹಂಚಬಹುದೇ? ಇದಕ್ಕೆ ಹಣವೂ ಬೇಕಿಲ್ಲವಲ್ಲ. ಗಾಯಕನ ಹೆಸರಿನ ಹಕ್ಕನ್ನು ಕಾಯ್ದೆಯೂ 2012ರಿಂದ ಮಾನ್ಯಮಾಡಿದೆ.

ವ್ಯವಸ್ಥಾಪಕರಿಗೆ ನಾನು ಸೂಚಿಸಿರುವುದು ಇದು. ಐದುನೂರು ಬೇಡ, ಇಪ್ಪತ್ತೈದು ಸಾಕು. ನಮ್ಮ ಭಜನಾ ಮಂಡಳಿಯ ತಾಯಂದಿರೇ ಹಾಡಲಿ, ಅವರಿಗೆ ತಾಯಿ ಅಜ್ಜಿಯರಿಂದ ಬಂದ ಮಟ್ಟುಗಳಿವೆ, ಮುದ್ರಿಸಿಕೊಳ್ಳೋಣ. ಪ್ರಸಿದ್ಧ ಗಾಯಕರ ಹಾಡು ಬೇಕೆಂದರೆ ಹಕ್ಕುದಾರರಿಗೆ ಒಂದು ಪತ್ರ ಬರೆಯೋಣ. ಮಠದಿಂದ ಪತ್ರ ಹೋದರೆ ಒಪ್ಪುವವರೂ ಇದ್ದಾರು, ಹಣ ಕೇಳುವವರೂ ಇದ್ದಾರು. ಕೇಳಿದಷ್ಟು ಕೊಡಲಾಗದಿದ್ದರೆ ಆ ಹಾಡು ನಮ್ಮ ಪೆನ್‌ಡ್ರೈವಿನಲ್ಲಿ ಇರದು, ಅಷ್ಟೇ.

ಇಂದು ಸಂಜೆ ಇದೇ ವೇದಿಕೆಯಲ್ಲಿ ದಾಸವಾಣಿಯ ಕಛೇರಿಯಿದೆ. ಪ್ರತಿ ವರ್ಷದಂತೆ ಮುಂದಿನ ಸಾಲಿನಲ್ಲಿ ಹತ್ತಾರು ಫೋನುಗಳು ಮೇಲೇಳುತ್ತವೆ, ಕಛೇರಿ ಮುಗಿಯುವ ಮೊದಲೇ ಹಾಡು ವಾಟ್ಸಾಪಿನಲ್ಲಿ ಊರೂರು ಸುತ್ತುತ್ತದೆ. ಗಾಯಕರ ಒಪ್ಪಿಗೆಯಿಲ್ಲದೆ ಅವರ ಹಾಡಿಕೆಯನ್ನು ಮುದ್ರಿಸಿ ಹಂಚುವುದೂ ಅವರ ಹಕ್ಕಿಗೆ ಒಳಪಟ್ಟ ವಿಷಯವೇ. ಅವರು ಮಧ್ಯಾಹ್ನದ ತೀರ್ಥಪ್ರಸಾದಕ್ಕೆ ಬರುತ್ತಾರೆ. ಮುದ್ರಿಸಿಕೊಳ್ಳಬೇಕೆಂದಿರುವವರು ಅಲ್ಲಿಯೇ ಅವರನ್ನು ಕಂಡು ಕೇಳಿಕೊಳ್ಳಬಹುದು.

ಶ್ರೀಕೃಷ್ಣಾರ್ಪಣಮಸ್ತು